ಅಂಗಡಿಯವರು ಬೆನ್ನು ಬಿಡದಿದ್ದಾಗ: ದಾವಣಗೆರೆಯ ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಜವಳಿ ತರುವುದಿರಲಿ, ಹಬ್ಬಕ್ಕೆ ಮಕ್ಕಳ ಬಟ್ಟೆ ಇರಲಿ, ಫ್ರಿಜ್ ಇರಲಿ, ಬಿತ್ತನೆ ಬೀಜ ಇರಲಿ, ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯವರು ದಾವಣಗೆರೆಯ ಬಸ್ಸು ಹತ್ತುತ್ತಾರೆ. ಬಂದವರಲ್ಲಿ ಎಷ್ಟೋ ಮಂದಿ ಬೇಡದ್ದನ್ನೂ ಕೊಂಡು, ಕೈಯಲ್ಲಿದ್ದದ್ದಕ್ಕಿಂತ ಹೆಚ್ಚು ಖರ್ಚು ಮಾಡಿಕೊಂಡು ಊರಿಗೆ ಮರಳುತ್ತಾರೆ. ಮನೆಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: "ಏನು ಮಾಡುವುದು, ಅಂಗಡಿಯವರು ಬಿಡಲೇ ಇಲ್ಲ." ಮಂಡಿಪೇಟೆಯ ಗದ್ದಿಗೆಯ ಅಂಗಡಿಯಿಂದ ಹಿಡಿದು ಹವಾನಿಯಂತ್ರಿತ ಮಳಿಗೆಯವರೆಗೆ ಎಲ್ಲ ಕಡೆಯೂ ಗಿರಾಕಿಗಳ ಗೊಣಗಾಟ ಇದೇ ಆಗಿರುವುದರಿಂದ, ಪ್ರಶ್ನೆಗಳನ್ನೆಲ್ಲ ಒಂದೆಡೆ ಸೇರಿಸಿ ಉತ್ತರಿಸಿದ್ದೇನೆ.

ಒಳಗೆ ಕಾಲಿಟ್ಟ ಕೂಡಲೇ ಒಬ್ಬರು ನಮ್ಮ ಹಿಂದೆಯೇ ಬರುತ್ತಾರೆ. ಏಕೆ ಹೀಗೆ?

ಅವರಿಗೆ ಹಾಗೆ ಮಾಡಲು ಹೇಳಿರುತ್ತಾರೆ. ಮೊದಲು ತಿಳಿದುಕೊಳ್ಳಬೇಕಾದದ್ದು ಇದು.

ದೊಡ್ಡ ಬಟ್ಟೆ ಮಳಿಗೆಗಳಲ್ಲಿ ಸಾಮಾನ್ಯವಾಗಿ ಪ್ರತಿ ವಿಭಾಗಕ್ಕೂ ದಿನದ ಅಥವಾ ತಿಂಗಳ ಗುರಿ ಇರುತ್ತದೆ. ಬಿಲ್ಲಿನ ಮೇಲೆ ಮಾರಿದವರ ಸಂಕೇತ ಸಂಖ್ಯೆ ಬೀಳುತ್ತದೆ. ಸಂಬಳ ಕಡಿಮೆ, ಅದರ ಮೇಲೆ ಸಿಗುವ ಕಮಿಷನ್‌ನಿಂದಲೇ ಮನೆ ನಡೆಯಬೇಕು. ನಿಮ್ಮನ್ನು ಮೊದಲು ಮಾತನಾಡಿಸಿದವರಿಗೆ ನಿಮ್ಮ ಬಿಲ್ಲು ಸೇರುತ್ತದೆ ಎಂಬ ಲೆಕ್ಕ ಇರುವ ಕಡೆ ಬಾಗಿಲಲ್ಲೇ ಮುಗಿಬೀಳುವುದು ಸಹಜ. ಇದರ ಜೊತೆಗೆ ಕಳ್ಳತನದ ಭಯವೂ ಇದೆ. ಸಣ್ಣ ಸಾಮಾನಿನ ಅಂಗಡಿಗಳಲ್ಲಿ "ಗಿರಾಕಿಯ ಹತ್ತಿರವೇ ನಿಂತಿರು" ಎಂದು ಯಜಮಾನರು ಹೇಳುವುದು ಆ ಕಾರಣಕ್ಕೆ. ಮೇಲ್ವಿಚಾರಕರು ಕ್ಯಾಮೆರಾದಲ್ಲಿ ಗಿರಾಕಿಯನ್ನಷ್ಟೇ ನೋಡುವುದಿಲ್ಲ, ಸಿಬ್ಬಂದಿ ಸುಮ್ಮನೆ ನಿಂತಿದ್ದಾರೆಯೇ ಎಂಬುದನ್ನೂ ನೋಡುತ್ತಾರೆ. ನಿಮ್ಮ ಪಕ್ಕ ನಿಂತ ಹುಡುಗಿಗೆ ನಿಮ್ಮನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದೆಯೂ ಇರಬಹುದು.

ಇದು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಉಳಿದರ್ಧಕ್ಕೆ ಮುಂದಿನ ಉತ್ತರಗಳನ್ನು ನೋಡಿ.

"ಸುಮ್ಮನೆ ನೋಡುತ್ತಿದ್ದೇವೆ" ಎಂದರೂ ಬಿಡುವುದಿಲ್ಲ. ಇನ್ನೇನು ಹೇಳಬೇಕು?

ಆ ಮಾತನ್ನು ಅವರು ದಿನಕ್ಕೆ ನೂರು ಸಲ ಕೇಳುತ್ತಾರೆ. ಕೊಳ್ಳುವ ಮನಸ್ಸಿದೆ, ಇನ್ನೂ ಗಟ್ಟಿಯಾಗಿಲ್ಲ ಎಂದೇ ಅದನ್ನು ಅರ್ಥ ಮಾಡಿಕೊಳ್ಳುವಂತೆ ಅವರಿಗೆ ಕಲಿಸಿರುತ್ತಾರೆ. "ನೋಡೋಣ", "ಆಮೇಲೆ ಹೇಳುತ್ತೇವೆ", "ಮನೆಯಲ್ಲಿ ಕೇಳಬೇಕು" ಎಂಬ ಮಾತುಗಳದ್ದೂ ಅದೇ ಕಥೆ. ನಾವು ದಾಕ್ಷಿಣ್ಯಕ್ಕೆ ಹೇಳುವ ಈ ಅರೆಬರೆ ಮಾತುಗಳೇ ಅವರನ್ನು ಹಿಡಿದು ನಿಲ್ಲಿಸುತ್ತವೆ.

ಅದರ ಬದಲು ಏನು ಬೇಕು, ಎಷ್ಟರೊಳಗೆ ಬೇಕು, ಎಷ್ಟು ಹೊತ್ತು ಬೇಕು ಎಂಬ ಮೂರನ್ನೂ ಮುಖ ನೋಡಿ ಹೇಳಿಬಿಡಿ. "ಅಣ್ಣಾ, ಐದು ವರ್ಷದ ಹುಡುಗನಿಗೆ ಅಂಗಿ ಬೇಕು, ಆರುನೂರರ ಒಳಗೆ. ಎಲ್ಲಿದೆ ತೋರಿಸಿ, ಹತ್ತು ನಿಮಿಷ ನಾವೇ ಆರಿಸುತ್ತೇವೆ, ಬೇಕಾದಾಗ ಕರೆಯುತ್ತೇನೆ." ಇಷ್ಟು ಕೇಳಿದ ಮೇಲೆ ಅವರಿಗೂ ನೆಮ್ಮದಿ. ಹೆಸರು ಕೇಳಿಕೊಂಡು, "ಬಿಲ್ಲು ಮಾಡಿಸುವಾಗ ನಿಮ್ಮ ಹೆಸರನ್ನೇ ಹೇಳುತ್ತೇನೆ" ಎಂದರೆ ಇನ್ನೂ ಒಳ್ಳೆಯದು. ಕಮಿಷನ್ ಕೈತಪ್ಪುವ ಭಯ ಹೋದವರು ದೂರ ನಿಲ್ಲಲು ಬೇಗ ಒಪ್ಪುತ್ತಾರೆ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ಹೆಸರು ಕೇಳಿಕೊಂಡು ಬಿಲ್ಲನ್ನು ಬೇರೆಯವರ ಕೈಯಲ್ಲಿ ಮಾಡಿಸುವುದು ಅನ್ಯಾಯ.

ಬೇಡವಾದದ್ದಕ್ಕೆ "ಬೇಡ" ಎಂದು ಹೇಳಿ, ಕಾರಣ ಹೇಳಬೇಡಿ. ಬಣ್ಣ ಹಿಡಿಸಲಿಲ್ಲ ಎಂದರೆ ಇನ್ನೊಂದು ಬಣ್ಣ ಬರುತ್ತದೆ, ಬೆಲೆ ಹೆಚ್ಚಾಯಿತು ಎಂದರೆ ರಿಯಾಯಿತಿ ಬರುತ್ತದೆ, ಅಳತೆ ಸರಿಯಿಲ್ಲ ಎಂದರೆ ದರ್ಜಿ ಬರುತ್ತಾನೆ.

ಸೀರೆ ಅಂಗಡಿಯಲ್ಲಿ ಅಷ್ಟೊಂದು ಸೀರೆ ಬಿಚ್ಚಿ ಹಾಕಿಸಿದ ಮೇಲೆ ಬರಿಗೈಲಿ ಎದ್ದು ಬರಲು ಮನಸ್ಸಾಗುವುದಿಲ್ಲ.

ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಮನಸ್ಸಿಗೆ ಹೆಚ್ಚು ತಟ್ಟುವುದೂ ಇದೇ.

ಹಳೆಯ ಪದ್ಧತಿಯ ಜವಳಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಬಿಳಿ ಹೊದಿಕೆಯ ಗದ್ದಿಗೆ, ಚಪ್ಪಲಿ ಹೊರಗೆ ಬಿಟ್ಟು ನಾವು ಈ ಕಡೆ, ಸೀರೆ ತೋರಿಸುವವರು ಆ ಕಡೆ. ಅವರು ಕಪಾಟಿನಿಂದ ಒಂದು ಕಟ್ಟು ಸೀರೆಗಳನ್ನು ಎಳೆದು ಮುಂದಿಡುತ್ತಾರೆ. ಒಂದು ಕೈಯಲ್ಲಿ ಮಡಿಕೆಯ ತುದಿ ಹಿಡಿದು ಇನ್ನೊಂದರಲ್ಲಿ ಬೀಸಿದರೆ ಸೆರಗು ನಿಮ್ಮ ಮೊಣಕಾಲಿನವರೆಗೆ ಹರಡಿಕೊಳ್ಳುತ್ತದೆ. ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ಜರಿ ತೋರಿಸುತ್ತಾರೆ, ಒಡಲಿನ ಬಟ್ಟೆಯ ಕೆಳಗೆ ಅಂಗೈ ಇಟ್ಟು ಎಷ್ಟು ತೆಳು ನೋಡಿ ಎನ್ನುತ್ತಾರೆ, ಎದ್ದು ತಮ್ಮ ಹೆಗಲ ಮೇಲೆಯೇ ಹೊದ್ದು ನಿಲ್ಲುತ್ತಾರೆ. ನೀವು ಹೂಂ ಎನ್ನುವುದರೊಳಗೆ ಮುಂದಿನದು ಅದರ ಮೇಲೆ ಬಿದ್ದಿರುತ್ತದೆ. ಅರ್ಧ ಗಂಟೆಯಲ್ಲಿ ನಿಮ್ಮ ಮುಂದೆ ರಾಶಿ. ಆ ರಾಶಿಯ ಭಾರವೆಲ್ಲ ನಿಮ್ಮ ಮನಸ್ಸಿನ ಮೇಲೆ ಬೀಳುತ್ತದೆ.

ತೋರಿಸುವುದು ಅವರ ಕೆಲಸ, ಆರಿಸುವುದು ನಿಮ್ಮದು. ಬಿಚ್ಚಿದ ಸೀರೆಗೆ ನೀವು ಸಾಲಗಾರರಲ್ಲ. ಆದರೆ ಆ ರಾಶಿಯನ್ನು ಒಂದೊಂದಾಗಿ ಮಡಿಕೆಯ ಗೆರೆ ತಪ್ಪದಂತೆ ಮಡಚಿಡಲು ಯಾರೋ ಒಬ್ಬರು ಅಂಗಡಿ ಮುಚ್ಚುವ ಹೊತ್ತಿನವರೆಗೆ ಕೂರಬೇಕು ಎಂಬುದೂ ನಿಜ. ಆದ್ದರಿಂದ ನಾಲ್ಕನೆಯ ಸೀರೆಗೇ ಕೈ ಅಡ್ಡ ಹಿಡಿಯಿರಿ. "ಅಕ್ಕಾ, ಬಿಚ್ಚಬೇಡಿ, ಮಡಿಕೆಯಲ್ಲೇ ಅಂಚು ತೋರಿಸಿ ಸಾಕು. ಹಿಡಿಸಿದರೆ ನಾನೇ ಬಿಚ್ಚಲು ಹೇಳುತ್ತೇನೆ." ನೋಡಿದ್ದನ್ನು ಆಗಲೇ ಎರಡು ಗುಂಪು ಮಾಡಿಸಿ, ಬೇಡವಾದದ್ದನ್ನು ಕೂಡಲೇ ಪಕ್ಕಕ್ಕೆ ಇಡಿಸಿ. ಯಾವುದೂ ಹಿಡಿಸದಿದ್ದರೆ, "ಚೆನ್ನಾಗಿ ತೋರಿಸಿದಿರಿ, ಇವತ್ತು ಯಾವುದೂ ಮನಸ್ಸಿಗೆ ಬರಲಿಲ್ಲ" ಎಂದು ಹೇಳಿ ಎದ್ದುಬಿಡಿ. ಫೋನ್ ಬಂದವರಂತೆ ನಟಿಸಿ ಜಾರಿಕೊಳ್ಳುವುದಕ್ಕಿಂತ ಇದು ಎಷ್ಟೋ ಮರ್ಯಾದೆಯ ದಾರಿ.

ರೇಷ್ಮೆ ಎಂದು ಒತ್ತಿ ಹೇಳುತ್ತಿದ್ದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಈ ಗುರುತು 2004ರಿಂದ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಕದ, ಎಂದರೆ ಆ ಊರಿನದೇ ವಿಶೇಷ ಎಂಬ, ಮಾನ್ಯತೆಯೂ ಇದೆ. "ಇದು ಮೊಳಕಾಲ್ಮೂರು" ಎಂದವರನ್ನು ಅದರ ಬಗ್ಗೆ ಕೇಳಲು ಸಂಕೋಚ ಬೇಡ. ಬಿಡುವಿದ್ದರೆ ಮೊಳಕಾಲ್ಮೂರಿಗೇ ಹೋಗಿ ನೇಕಾರರಿಂದ ಕೊಳ್ಳುವುದು ಎಲ್ಲಕ್ಕಿಂತ ಚೆನ್ನ.

ಬೆಳಿಗ್ಗೆ ಹೋದರೆ "ಬೋಣಿ ಮಾಡಿ ಹೋಗಿ" ಎಂದು ಹಿಡಿದುಕೊಳ್ಳುತ್ತಾರೆ. ಕೊಳ್ಳದೆ ಬಂದರೆ ಅಪಶಕುನವೇ?

ಬೋಣಿಯ ಮೇಲೆ ವ್ಯಾಪಾರಿಗಳಿಗೆ ನಂಬಿಕೆ ಇದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅವರ ನಂಬಿಕೆಯ ಖರ್ಚು ನಿಮ್ಮ ಮೇಲೆ ಬೀಳಬೇಕಾಗಿಲ್ಲ. ಬರೀ ಬೆಲೆ ವಿಚಾರಿಸುವುದಿದ್ದರೆ ಮಧ್ಯಾಹ್ನದ ಮೇಲೆ ಹೋಗಿ. ಕೊಳ್ಳುವುದು ಖಚಿತವಾಗಿದ್ದರೆ ಬೆಳಿಗ್ಗೆಯೇ ಹೋಗಿ ಚೌಕಾಸಿ ಮಾಡಿ, ಮೊದಲ ಗಿರಾಕಿಯನ್ನು ಹಿಂದಕ್ಕೆ ಕಳಿಸಲು ಯಾರೂ ಇಷ್ಟಪಡುವುದಿಲ್ಲ.

ಕುಡಿಯಲು ಕಾಫಿ, ತಂಪು ಪಾನೀಯ ತರಿಸಿಬಿಡುತ್ತಾರೆ. ಕುಡಿದ ಮೇಲೆ ಕೊಳ್ಳದೆ ಹೇಗೆ ಬರುವುದು?

ಕುಡಿಯಿರಿ, ಧನ್ಯವಾದ ಹೇಳಿ ಬನ್ನಿ. ಆತಿಥ್ಯಕ್ಕೆ ಬೆಲೆ ಕಟ್ಟಿದರೆ ಅದು ಆತಿಥ್ಯವಲ್ಲ. ಮನಸ್ಸು ಒಪ್ಪದಿದ್ದರೆ ಮೊದಲೇ "ನೀರು ಸಾಕು" ಎನ್ನಿ.

ಅಂಗಡಿ ನಮ್ಮ ಸಂಬಂಧಿಕರದೇ. ಅಲ್ಲಿ ಬೇಡ ಎನ್ನುವುದು ಹೇಗೆ?

ಇದು ನಿಜಕ್ಕೂ ಕಷ್ಟ. "ನಮ್ಮವರೇ ಬೇರೆ ಕಡೆ ಹೋದರೆ ಹೇಗೆ" ಎಂಬ ಮಾತು ಒಂದು ಬಿಲ್ಲಿಗೆ ಮುಗಿಯದೆ ಮುಂದಿನ ಮದುವೆ, ಮುಂಜಿ, ಗೃಹಪ್ರವೇಶದವರೆಗೆ ಬೆನ್ನಟ್ಟುತ್ತದೆ. ಸಣ್ಣ ಖರೀದಿಗಳನ್ನು ಅವರಲ್ಲೇ ಮಾಡಿ, ಸಂಬಂಧ ಚೆನ್ನಾಗಿರುತ್ತದೆ. ದೊಡ್ಡ ಜವಳಿಗೆ ಹೋಗುವಾಗ ಬೀಗರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಎರಡು ಮನೆಯವರು ಕೂಡಿ ಆರಿಸುವ ಕಡೆ ಬೇಡ ಎಂಬ ಮಾತು ಒಬ್ಬರ ತಲೆಯ ಮೇಲೆ ಬರುವುದಿಲ್ಲ. ಅಂಗಡಿಯ ಸಂಬಂಧಿಕರ ಮುಂದೆ ಬೆಲೆಯ ಮಾತನ್ನು ಎತ್ತಲು ನಾಚಿಕೆಯಾದರೆ, ಆ ಅಂಗಡಿಯಲ್ಲಿ ದೊಡ್ಡ ಮೊತ್ತದ ವ್ಯವಹಾರವನ್ನೇ ಇಟ್ಟುಕೊಳ್ಳಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟಿವಿ, ಫ್ರಿಜ್ ಅಂಗಡಿಯಲ್ಲಿ ನಾವು ಕೇಳಿದ ಕಂಪನಿಯನ್ನು ಬಿಟ್ಟು ಬೇರೆಯದನ್ನೇ ಹೊಗಳುತ್ತಾರೆ. ನಂಬಬಹುದೇ?

ಹೊಗಳುತ್ತಿರುವವರು ಯಾರ ಸಂಬಳ ಪಡೆಯುತ್ತಾರೆ ಎಂದು ಮೊದಲು ಕೇಳಿ. ಇಂತಹ ಮಳಿಗೆಗಳಲ್ಲಿ ಓಡಾಡುವ ಹಲವರು ಅಂಗಡಿಯ ಸಿಬ್ಬಂದಿಯೇ ಅಲ್ಲ, ಒಂದೊಂದು ಕಂಪನಿ ತನ್ನ ಮಾಲನ್ನು ಮಾರಲು ನಿಲ್ಲಿಸಿದ ಪ್ರತಿನಿಧಿಗಳು. ಅಂಗಿಯ ಮೇಲೆ ಕಂಪನಿಯ ಗುರುತು ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಸೌಂದರ್ಯವರ್ಧಕಗಳ ಕೌಂಟರಿನಲ್ಲೂ ಇದೇ ವ್ಯವಸ್ಥೆ. "ನೀವು ಅಂಗಡಿಯವರೋ, ಕಂಪನಿಯವರೋ?" ಎಂಬ ನೇರ ಪ್ರಶ್ನೆಗೆ ಸಾಮಾನ್ಯವಾಗಿ ನೇರ ಉತ್ತರವೇ ಸಿಗುತ್ತದೆ. ಕಂಪನಿಯವರಾದರೆ ಅವರ ವಸ್ತುವಿನ ಬಗ್ಗೆ ತಿಳಿದುಕೊಳ್ಳಿ, ಅವರಿಗೆ ಅದು ಚೆನ್ನಾಗಿಯೇ ಗೊತ್ತಿರುತ್ತದೆ. ಬೇರೆ ಕಂಪನಿಯ ಬಗ್ಗೆ ಅವರು ಹೇಳುವುದನ್ನು ಅಲ್ಲಿಗೇ ಬಿಡಿ.

ಫ್ರಿಜ್, ಎಸಿಗಳ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಬೇಕು ಎಂಬುದೂ ಇರುತ್ತದೆ. ಎರಡು ಫ್ರಿಜ್‌ಗಳ ಮುಂದೆ ನಿಂತು ಆ ಅಂಕಿಯನ್ನು ಹೋಲಿಸಿ ನೋಡಿ.

ಬಡ್ಡಿ ಇಲ್ಲದ ಕಂತು, ಹೆಚ್ಚುವರಿ ವಾರಂಟಿ ಎಂದು ಬಿಲ್ಲು ಹಾಕುವ ಹೊತ್ತಿಗೆ ಒತ್ತಾಯ ಮಾಡುತ್ತಾರೆ.

ಬಡ್ಡಿಯಿಲ್ಲದೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿಯ ಯೋಜನೆಗಳಿಗೆ ತಡೆ ಹಾಕಿತು. ಈಗ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯ ಹೆಸರಿನಲ್ಲಿ ಬೆಲೆಯಲ್ಲಿ ಕಳೆದು ಲೆಕ್ಕ ಸರಿದೂಗಿಸುತ್ತಾರೆ. ಸಂಸ್ಕರಣಾ ಶುಲ್ಕ ಬೇರೆ, ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲಿನ ಜಿಎಸ್‌ಟಿಯೂ ಬೇರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: "ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು? ಕಂತಿನಲ್ಲಿ ಎಲ್ಲ ಸೇರಿ ಎಷ್ಟು?" ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ವಾರಂಟಿಯ ವಿಷಯದಲ್ಲಿ, ಕೊಡುವವರು ತಯಾರಕರೋ ಬೇರೆ ಸಂಸ್ಥೆಯೋ, ಶುರುವಾಗುವುದು ಇಂದಿನಿಂದಲೋ ಕಂಪನಿಯ ವಾರಂಟಿ ಮುಗಿದ ಮೇಲೋ ಎಂದು ಕೇಳಿ. ಉತ್ತರ ಸ್ಪಷ್ಟವಾಗದಿದ್ದರೆ ಬೇಡ.

ಚಿನ್ನದ ಅಂಗಡಿಯಲ್ಲಿ?

ಕುರ್ಚಿಯಲ್ಲಿ ಕೂರಿಸಿ, ಕೈಗೆ ಬಳೆ ತೊಡಿಸಿ, ಕನ್ನಡಿ ಹಿಡಿದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ. ತೊಡುವ ಮೊದಲೇ ತೂಕ, ಆ ದಿನದ ದರ, ಮಜೂರಿ ಕೇಳಿ. ಮಜೂರಿಯಲ್ಲಿ ಚೌಕಾಸಿಗೆ ಅವಕಾಶ ಇದ್ದೇ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಚಿಹ್ನೆ, ಶುದ್ಧತೆಯ ಅಂಕಿ, ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಈ ಮೂರೂ ಒಡವೆಯ ಮೇಲೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಅಲ್ಲೇ ಕೂತು ಪರಿಶೀಲಿಸಬಹುದು.

ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಬೇಕಾದರೆ ಇದನ್ನೂ ತೆಗೆದುಕೊಳ್ಳಿ ಎಂದು ಬೇರೆ ಡಬ್ಬಿಯನ್ನು ಕೈಗಿಡುತ್ತಾರೆ.

ಬಟ್ಟೆ ಅಂಗಡಿಯ ಒತ್ತಾಯದಿಂದ ಹೋಗುವುದು ಒಂದು ಸೀರೆಯ ಹಣ. ಇಲ್ಲಿ ಹೋಗುವುದು ಬೆಳೆಯ ಹಣ. ಈ ಪ್ರಶ್ನೆಯನ್ನು ಯಾರೂ ಚಿಕ್ಕದು ಎಂದುಕೊಳ್ಳಬಾರದು.

ಮುಂಗಾರು ಹಿಡಿದು ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಹಾಕುವ ಹೊತ್ತಿಗೆ 45 ಕೆಜಿಯ ಯೂರಿಯಾ ಚೀಲಕ್ಕಾಗಿ ರೈತರು ಸಾಲು ನಿಲ್ಲುತ್ತಾರೆ. ಆ ತುರ್ತನ್ನು ನೋಡಿಕೊಂಡು ಬೇಡದ ದ್ರವ ಗೊಬ್ಬರವನ್ನೋ ಲಘು ಪೋಷಕಾಂಶದ ಪೊಟ್ಟಣವನ್ನೋ ಜೊತೆಗೆ ಕಟ್ಟಿ ಮಾರುವುದಕ್ಕೆ ಅಂಗಡಿಗಳಲ್ಲಿ "ಲಿಂಕ್" ಎನ್ನುತ್ತಾರೆ. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಎಷ್ಟೋ ಸಲ ಅಂಗಡಿಯವರಿಗೂ ಮೇಲಿನ ವಿತರಕರು ಹಾಗೆಯೇ ಕಟ್ಟಿ ಕಳಿಸಿರುತ್ತಾರೆ. ಅದು ಅವರ ಮತ್ತು ವಿತರಕರ ನಡುವಿನ ಜಗಳ, ರೈತರ ಚೀಲಕ್ಕೆ ಬರಬಾರದು. ಪ್ರತಿ ವಸ್ತುವಿಗೂ ಬಿಲ್ಲು ಕೇಳಿ. ಬಿಲ್ಲು ಕೊಡುವುದಿಲ್ಲ ಎಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಹೇಳಿ, ನಾಲ್ಕು ಜನ ಸೇರಿ ಹೋದರೆ ಇನ್ನೂ ಒಳ್ಳೆಯದು.

ಕೀಟನಾಶಕದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2018ರಲ್ಲಿ ಫಾಲ್ ಸೈನಿಕ ಹುಳು ಕರ್ನಾಟಕದಲ್ಲಿ ಕಾಣಿಸಿಕೊಂಡ ಮೇಲೆ ಮೆಕ್ಕೆಜೋಳ ಬೆಳೆಯುವವರ ಆತಂಕ ಹೆಚ್ಚಿತು, ಕಪಾಟಿನಲ್ಲಿ ಡಬ್ಬಿಗಳೂ ಹೆಚ್ಚಿದವು. ಎಲೆ ತೋರಿಸಿದರೆ ಮೂರು ಔಷಧ ಬೆರೆಸಿ ಹೊಡೆಯಿರಿ ಎನ್ನುವ ಸಲಹೆ ಅಂಗಡಿಯ ಕಟ್ಟೆಯಲ್ಲೇ ಸಿಗುತ್ತದೆ. ಹುಳು ಯಾವುದು ಎಂಬುದನ್ನು ಮಾರಾಟ ಮಾಡದವರ ಹತ್ತಿರ ಕೇಳಿ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಚಿತ್ರದುರ್ಗ ಜಿಲ್ಲೆಯ ಕೇಂದ್ರವಿದೆ. ಡಬ್ಬಿಯ ಮೇಲಿನ ಬಣ್ಣದ ಗುರುತನ್ನೂ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು.

ನಮ್ಮ ಉಡುಗೆ ನೋಡಿ ಕೆಲವು ಅಂಗಡಿಗಳಲ್ಲಿ ಕಾವಲುಗಾರರಂತೆ ಹಿಂದೆ ಬರುತ್ತಾರೆ, ಅಥವಾ "ಇದರ ಬೆಲೆ ಜಾಸ್ತಿ" ಎಂದು ಮೊದಲೇ ಹೇಳಿಬಿಡುತ್ತಾರೆ.

ಇದನ್ನು ಅತಿ ಉಪಚಾರ ಎಂದು ಕರೆಯಲಾಗದು, ಇದು ಅವಮಾನ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವರ ಹಣಕ್ಕೂ ಉಳಿದವರ ಹಣಕ್ಕೂ ಗಲ್ಲಾಪೆಟ್ಟಿಗೆಯಲ್ಲಿ ವ್ಯತ್ಯಾಸವಿಲ್ಲ. ತಲೆ ತಗ್ಗಿಸಿ ಹೊರಗೆ ಬರಬೇಡಿ. ಗಲ್ಲಾದ ಮೇಲೆ ಕೂತ ಯಜಮಾನರ ಹತ್ತಿರ ಹೋಗಿ, ನಡೆದದ್ದನ್ನು ನಾಲ್ಕು ಜನಕ್ಕೆ ಕೇಳುವಂತೆ, ಆದರೆ ಬೈಯದೆ ಹೇಳಿ. "ನಿಮ್ಮ ಮೈಬಣ್ಣಕ್ಕೆ ಇದು ಒಪ್ಪುವುದಿಲ್ಲ", "ನಿಮ್ಮ ಮೈಕಟ್ಟಿಗೆ ಇಲ್ಲಿ ಅಳತೆ ಸಿಗುವುದಿಲ್ಲ" ಎಂದು ಹೆಣ್ಣುಮಕ್ಕಳಿಗೆ ಹೇಳುವವರ ವಿಷಯದಲ್ಲೂ ಹೀಗೆಯೇ ಮಾಡಬೇಕು. ಬಟ್ಟೆ ಹಾಕಿ ನೋಡುವ ಕೋಣೆಯ ಬಾಗಿಲಲ್ಲಿ ಯಾರಾದರೂ ನಿಂತೇ ಇದ್ದರೆ ದೂರ ಹೋಗಲು ಹೇಳಿ, ಹೋಗದಿದ್ದರೆ ಬಟ್ಟೆಯನ್ನು ಅಲ್ಲೇ ಬಿಟ್ಟು ಬನ್ನಿ.

ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೇ?

ಬೇಡ. ನಂಬರ್ ಕೊಡದಿದ್ದರೆ ಮಾರುವುದಿಲ್ಲ ಎನ್ನಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. "ನಂಬರ್ ಇಲ್ಲದೆ ಬಿಲ್ಲು ಮಾಡಿ" ಎಂದು ಹೇಳಿ. ಕೊಟ್ಟರೆ ಪ್ರತಿ ಹಬ್ಬಕ್ಕೂ ಸಂದೇಶಗಳು ಮನೆಯವರೆಗೆ ಬೆನ್ನು ಹತ್ತುತ್ತವೆ.

ಒತ್ತಾಯಕ್ಕೆ ಕೊಂಡದ್ದನ್ನು ಹಿಂದಿರುಗಿಸಬಹುದೇ? "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂದು ಬರೆದಿರುತ್ತಾರೆ.

ದೋಷವಿರುವ ವಸ್ತುವಾದರೆ ಆ ಬರಹಕ್ಕೆ ಬೆಲೆಯಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ದೋಷವಿರುವ ವಸ್ತುವನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದರೆ ವಸ್ತು ಚೆನ್ನಾಗಿದ್ದು, ಮನೆಗೆ ಬಂದ ಮೇಲೆ ನಿಮ್ಮ ಮನಸ್ಸು ಬದಲಾದರೆ ಈ ನಿಯಮ ನೆರವಿಗೆ ಬರುವುದಿಲ್ಲ. ಅಲ್ಲಿ ಅಂಗಡಿಯವರ ಒಳ್ಳೆಯತನವೇ ಗತಿ. ಹಣ ಕೊಡುವ ಮೊದಲೇ "ಬದಲಿಸಿಕೊಡುತ್ತೀರಾ, ಎಷ್ಟು ದಿನದೊಳಗೆ?" ಎಂದು ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಅಂಗಡಿಯವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅದರಿಂದಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

ದೂರು ಹೇಳಿದರೆ ಪಾಪ ಆ ಹುಡುಗಿಯ ಕೆಲಸ ಹೋದೀತಲ್ಲ?

ಈ ಅಳುಕು ಇರುವವರನ್ನು ಕಂಡರೆ ನನಗೆ ಗೌರವ. ದೂರನ್ನು ಆ ಹುಡುಗಿಯ ಹೆಸರಿನಲ್ಲಿ ಹೇಳಬೇಡಿ, ಪದ್ಧತಿಯ ಮೇಲೆ ಹೇಳಿ. "ನಿಮ್ಮ ಅಂಗಡಿಯಲ್ಲಿ ಗಿರಾಕಿಗಳನ್ನು ಹತ್ತು ನಿಮಿಷ ಬಿಟ್ಟು ನೋಡಿ, ನಾವು ಇನ್ನೂ ಹೆಚ್ಚು ಹೊತ್ತು ಇರುತ್ತೇವೆ" ಎಂದು ಯಜಮಾನರಿಗೆ ಹೇಳಿದರೆ ಅದು ಅವರಿಗೆ ವ್ಯಾಪಾರದ ಮಾತಾಗಿ ಕೇಳಿಸುತ್ತದೆ.

ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರುವ ಇವರ ಕಾಲುಗಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಸಿಬ್ಬಂದಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ನಮ್ಮ ಅಂಗಡಿಗಳಲ್ಲಿ ಸ್ಟೂಲು ಹಾಕಲು ಕಾನೂನಿಗಾಗಿ ಕಾಯಬೇಕಾಗಿಲ್ಲ. ಗಿರಾಕಿ ಬಂದಾಗ ಕೂತಿದ್ದ ಹುಡುಗಿ ಗಾಬರಿಯಿಂದ ಎದ್ದರೆ, "ಕೂತಿರಮ್ಮಾ, ನಾನು ನೋಡುತ್ತಿರುತ್ತೇನೆ" ಎನ್ನಿ. ಯಜಮಾನರಿಗೂ ಕೇಳುವಂತೆ ಹೇಳಿ.

ಒತ್ತಡವಿಲ್ಲದೆ ಕೊಳ್ಳಲು ಯಾವ ಹೊತ್ತು ಒಳ್ಳೆಯದು?

ದೀಪಾವಳಿ, ಯುಗಾದಿಯ ಹಿಂದಿನ ವಾರ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಮುಂಚಿನ ದಿನಗಳು, ಭಾನುವಾರದ ಸಂಜೆಗಳು ಬೇಡ. ಆಗ ಸಿಬ್ಬಂದಿಗೂ ಉಸಿರಾಡಲು ಬಿಡುವಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲದೆ ಜವಳಿ ಅಂಗಡಿಗಳು ರಿಯಾಯಿತಿ ಹಾಕುತ್ತವೆ. ರಿಯಾಯಿತಿಯ ಮೊದಲ ದಿನಗಳ ನೂಕುನುಗ್ಗಲು ಇಳಿದ ಮೇಲೆ, ವಾರದ ನಡುವಿನ ಒಂದು ದಿನ ಮಧ್ಯಾಹ್ನ ಹೋಗಿ. ಶ್ರಾವಣದ ಮದುವೆಯ ಜವಳಿ ಇದ್ದರೆ ಆಗಲೇ ಮುಗಿಸಿಕೊಳ್ಳಬಹುದು. ಕೊಳ್ಳಬೇಕಾದವರ ಹೆಸರು, ಅಳತೆ, ಪ್ರತಿಯೊಂದಕ್ಕೂ ಇಟ್ಟ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆ ಚೀಟಿಯನ್ನು ತೋರಿಸುವವರ ಕೈಗೇ ಕೊಟ್ಟುಬಿಡಿ.